ಪ್ರಮಾಣವಚನದ ಭಾರ: ಸೋಮನಹಳ್ಳಿಯ ಎಸ್. ಎಂ. ಕೃಷ್ಣ ಮತ್ತು 2002ರ ಕಾವೇರಿ

ಜೀವನ ಕರ್ಮಬಂಧಕ್ಕೆ ರಾಗದ್ವೇಷಗಳೇ ಮೂಲವೆಂದು ಜಿನಾಗಮವು ಸಾರುತ್ತದೆ. ನಮ್ಮ ದೇಶದ ಸಂವಿಧಾನವೂ ಮಂತ್ರಿಪದವಿ ಸ್ವೀಕರಿಸುವವನಿಂದ ಇದೇ ಎರಡು ದೋಷಗಳ ತ್ಯಾಗವನ್ನು ಬಯಸುತ್ತದೆ. ಭಯಕ್ಕೆ ಒಳಗಾಗದೆ, ಪಕ್ಷಪಾತಕ್ಕೆ ಎಡೆಗೊಡದೆ, ರಾಗವಾಗಲಿ ದ್ವೇಷವಾಗಲಿ ಇಲ್ಲದೆ, ಸಂವಿಧಾನಕ್ಕೂ ಕಾನೂನಿಗೂ ಅನುಸಾರವಾಗಿ ಎಲ್ಲರಿಗೂ ನ್ಯಾಯ ಸಲ್ಲಿಸುವೆನೆಂದು ಅವನು ಪ್ರಮಾಣ ಮಾಡಬೇಕು. ಈ ಮಾತುಗಳನ್ನು ನಾವು ಸಮಾರಂಭದ ವಾಡಿಕೆಯೆಂದು ಕೇಳಿ ಮರೆಯುತ್ತೇವೆ. ದ್ವೇಷವನ್ನು ತೊರೆಯುವುದು ಸಜ್ಜನನಿಗೆ ಅಷ್ಟೇನೂ ಕಷ್ಟವಲ್ಲ. ರಾಗವನ್ನು, ಅದರಲ್ಲಿಯೂ ಹುಟ್ಟಿದ ನೆಲದ ಮೇಲಣ ರಾಗವನ್ನು ತೊರೆಯುವುದು ಎಷ್ಟು ಕಠಿಣವೆಂಬುದು ಪರೀಕ್ಷೆಯ ಕಾಲದಲ್ಲಿಯೇ ತಿಳಿಯುತ್ತದೆ. ಮಂಡ್ಯ ಜಿಲ್ಲೆಯ ರಾಜಕೀಯ ಕುಟುಂಬವೊಂದರಲ್ಲಿ ಜನಿಸಿ, ಕಾನೂನನ್ನು ಅಭ್ಯಸಿಸಿ, ಬೋಧಿಸಿ, ಇಳಿವಯಸ್ಸಿನಲ್ಲಿ ಆತ್ಮಕಥೆಯನ್ನು ಬರೆದ ಎಸ್. ಎಂ. ಕೃಷ್ಣ ಅವರಿಗೆ ಅಂಥ ಪರೀಕ್ಷೆ 2002ರಲ್ಲಿ ಒದಗಿತು. ಅವರ ಬಾಳಿನ ಸ್ಥೂಲ ಪರಿಚಯದೊಂದಿಗೆ ಆ ಒಂದು ಪ್ರಸಂಗವನ್ನು ಧರ್ಮದೃಷ್ಟಿಯಿಂದ ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಮಂಡ್ಯದ ನೆಲ ಜೈನರಿಗೆ ಅಪರಿಚಿತವಲ್ಲ. ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿಯೂ ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನ ಬೆಟ್ಟದ ಮೇಲಿನ ಬಾಹುಬಲಿಯೂ ಗಂಗರ ಕಾಲದಿಂದ ಇಲ್ಲಿ ಜಿನಧರ್ಮ ನೆಲೆಸಿದ್ದುದಕ್ಕೆ ಸಾಕ್ಷಿಯಾಗಿವೆ. ಆದರೆ ಇಂದಿನ ಮಂಡ್ಯವನ್ನು ರೂಪಿಸಿದುದು ನೀರು. 1911ರಲ್ಲಿ ಆರಂಭವಾಗಿ 1931ರ ಹೊತ್ತಿಗೆ ಪೂರ್ಣಗೊಂಡ ಕೃಷ್ಣರಾಜಸಾಗರವೂ, ಮೊದಲು ಇರ್ವಿನ್ ನಾಲೆಯೆಂದು ಕರೆಯಲ್ಪಟ್ಟು ಅನಂತರ ವಿಶ್ವೇಶ್ವರಯ್ಯ ನಾಲೆಯೆಂದು ಹೆಸರಾದ ಕಾಲುವೆಯೂ ಮಂಡ್ಯ, ಮದ್ದೂರು, ಮಳವಳ್ಳಿಗಳ ಒಣಭೂಮಿಗೆ ಹಸುರನ್ನು ತಂದವು. ಮಳೆಯನ್ನು ನಂಬಿ ರಾಗಿ ಬೆಳೆಯುತ್ತಿದ್ದ ಒಕ್ಕಲು ಭತ್ತ ನೆಟ್ಟನು, ಕಬ್ಬು ನಾಟಿ ಮಾಡಿದನು. 1933ರಲ್ಲಿ ಮಂಡ್ಯದಲ್ಲಿ ಸಕ್ಕರೆ ಕಂಪನಿ ಸ್ಥಾಪಿತವಾಯಿತು. 1939ರಲ್ಲಿ ಮಂಡ್ಯ ಪ್ರತ್ಯೇಕ ಜಿಲ್ಲೆಯಾಯಿತು. ನಾಲೆಯಲ್ಲಿ ನೀರು ಬಾರದ ವರ್ಷ ಇಲ್ಲಿನ ಮನೆಗಳಲ್ಲಿ ಮದುವೆಗಳು ಮುಂದಕ್ಕೆ ಹೋಗುತ್ತವೆ, ಸಾಲ ಬೆಳೆಯುತ್ತದೆ. ಇದನ್ನು ಅರಿಯದೆ ಮುಂದಿನ ಕಥೆ ಅರ್ಥವಾಗದು.

ಕೃಷ್ಣ ಅವರು 1932ರ ಮೇ 1ರಂದು ಮದ್ದೂರು ತಾಲ್ಲೂಕಿನ ಸೋಮನಹಳ್ಳಿಯಲ್ಲಿ ಜನಿಸಿದರು. ತಂದೆ ಎಸ್. ಸಿ. ಮಲ್ಲಯ್ಯನವರು ಮೈಸೂರು ಪ್ರಜಾಪ್ರತಿನಿಧಿ ಸಭೆಯ ಸದಸ್ಯರಾಗಿದ್ದವರು. 1881ರಲ್ಲಿ ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ ಹುಟ್ಟಿದ ಆ ಸಭೆ ಮುಖ್ಯವಾಗಿ ಊರಿನ ಅಹವಾಲನ್ನು ಸರ್ಕಾರದ ಮುಂದಿಡುವ ವೇದಿಕೆಯಾಗಿತ್ತು. ಕೆರೆಯ ತೂಬು, ರಸ್ತೆ, ಶಾಲೆ, ಕಂದಾಯದ ಹೊರೆ ಮೊದಲಾದವನ್ನು ಅರಿಕೆ ಮಾಡಿಕೊಳ್ಳುವುದೇ ಪ್ರತಿನಿಧಿಯ ಕೆಲಸ. ಅವನಿಗೆ ಅಧಿಕಾರ ಅಲ್ಪ; ಆದುದರಿಂದ ಅವನ ಊರಿನ ಪ್ರೀತಿಗೂ ಅವನ ಕರ್ತವ್ಯಕ್ಕೂ ವಿರೋಧ ಬರುವ ಸಂಭವವೂ ಅಲ್ಪ. ಮಗನ ಕಾಲಕ್ಕೆ ಈ ಸ್ಥಿತಿ ಬದಲಾಯಿತು. ಪ್ರತಿನಿಧಿಯೇ ಆಳುವವನಾದನು.

ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಪದವಿ, ಬೆಂಗಳೂರಿನ ಸರ್ಕಾರಿ ಕಾನೂನು ಕಾಲೇಜಿನಲ್ಲಿ ನ್ಯಾಯಶಾಸ್ತ್ರದ ಪದವಿ ಪಡೆದ ಕೃಷ್ಣ ಅವರು ಅಮೆರಿಕಕ್ಕೆ ತೆರಳಿ, ಡಲ್ಲಾಸಿನ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದಲ್ಲಿಯೂ, ಫುಲ್‌ಬ್ರೈಟ್ ವಿದ್ಯಾರ್ಥಿಯಾಗಿ ವಾಷಿಂಗ್ಟನ್ನಿನ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿಯೂ ವ್ಯಾಸಂಗ ಮಾಡಿದರು. ಮರಳಿ ಬಂದು ಬೆಂಗಳೂರಿನ ರೇಣುಕಾಚಾರ್ಯ ಕಾನೂನು ಕಾಲೇಜಿನಲ್ಲಿ ಅಂತರರಾಷ್ಟ್ರೀಯ ಕಾನೂನನ್ನು ಬೋಧಿಸಿದರು. ಒಂದೇ ನದಿಯನ್ನು ಹಂಚಿಕೊಂಡ ಎರಡು ನಾಡುಗಳ ಹಕ್ಕುಬಾಧ್ಯತೆಗಳು ಆ ಶಾಸ್ತ್ರದ ಪರಿಚಿತ ವಿಷಯಗಳಲ್ಲೊಂದು ಎಂಬುದನ್ನು ಇಲ್ಲಿ ನೆನೆಯಬೇಕು.

1962ರಲ್ಲಿ ಅವರು ಮದ್ದೂರಿನಿಂದ ಪಕ್ಷೇತರರಾಗಿ ನಿಂತು ಗೆದ್ದು ವಿಧಾನಸಭೆಯನ್ನು ಪ್ರವೇಶಿಸಿದರು. ಪ್ರಜಾ ಸಮಾಜವಾದಿ ಪಕ್ಷ ಸೇರಿ 1967ರಲ್ಲಿ ಅದೇ ಕ್ಷೇತ್ರದಲ್ಲಿ ಸೋತರು. 1968ರ ಉಪಚುನಾವಣೆಯಲ್ಲಿ ಮಂಡ್ಯದಿಂದ ಲೋಕಸಭೆಗೆ ಆಯ್ಕೆಯಾದರು. ಮುಂದೆ ಕಾಂಗ್ರೆಸ್ಸಿಗೆ ಬಂದು, ದೇವರಾಜ ಅರಸರ ಮಂತ್ರಿಮಂಡಲದಲ್ಲಿ ಸಚಿವರಾಗಿ, 1980ರ ದಶಕದಲ್ಲಿ ಕೇಂದ್ರದ ರಾಜ್ಯ ಸಚಿವರಾಗಿ ದುಡಿದರು. 1989ರಲ್ಲಿ ವಿಧಾನಸಭೆಯ ಅಧ್ಯಕ್ಷರೂ 1993ರಲ್ಲಿ ಉಪಮುಖ್ಯಮಂತ್ರಿಯೂ ಆದರು. 1999ರ ಅಕ್ಟೋಬರ್ 11ರಂದು, ಮದ್ದೂರಿನ ಶಾಸಕರಾಗಿ, ಕರ್ನಾಟಕದ ಮುಖ್ಯಮಂತ್ರಿಯಾಗಿ ಪ್ರಮಾಣವಚನ ಸ್ವೀಕರಿಸಿದರು. ಪಹಣಿಗಳನ್ನು ಗಣಕೀಕರಿಸಿದ ಭೂಮಿ ಯೋಜನೆ, ಮಹಿಳೆಯರ ಸ್ತ್ರೀಶಕ್ತಿ ಸಂಘಗಳು, ಸಹಕಾರಿ ರೈತರ ಯಶಸ್ವಿನಿ ಆರೋಗ್ಯ ಯೋಜನೆ, ಶಾಲಾಮಕ್ಕಳ ಬಿಸಿಯೂಟ ಇವು ಅವರ ಆಡಳಿತದೊಂದಿಗೆ ನೆನಪಾಗುತ್ತವೆ.

ಕಾವೇರಿಯ ವಿವಾದ ಅವರಿಗಿಂತ ಹಳೆಯದು. ಮೈಸೂರು ಮತ್ತು ಮದರಾಸು ನಡುವೆ 1892ರಲ್ಲಿ ಒಂದು, 1924ರಲ್ಲಿ ಇನ್ನೊಂದು ಒಪ್ಪಂದವಾಗಿತ್ತು. 1990ರ ಜೂನ್ ತಿಂಗಳಲ್ಲಿ ನ್ಯಾಯಾಧಿಕರಣ ರಚಿತವಾಗಿ, ಮರುವರ್ಷ ಜೂನ್ 25ರಂದು ತಮಿಳುನಾಡಿಗೆ ವರ್ಷಕ್ಕೆ 205 ಟಿಎಂಸಿ ನೀರು ದೊರೆಯುವಂತೆ ಮಧ್ಯಂತರ ಆದೇಶ ಹೊರಟಿತು. ಅದನ್ನು ನಿರರ್ಥಕಗೊಳಿಸಲು ಕರ್ನಾಟಕ ಹೊರಡಿಸಿದ ಸುಗ್ರೀವಾಜ್ಞೆ ಸಂವಿಧಾನಬಾಹಿರವೆಂದು ಸರ್ವೋಚ್ಚ ನ್ಯಾಯಾಲಯ 1991ರ ನವೆಂಬರ್‌ನಲ್ಲಿ ಅಭಿಪ್ರಾಯ ನೀಡಿತು. ಡಿಸೆಂಬರ್‌ನಲ್ಲಿ ಬೆಂಗಳೂರಿನಲ್ಲಿಯೂ ಇತರೆಡೆಗಳಲ್ಲಿಯೂ ತಮಿಳರ ಮೇಲೆ ಹಿಂಸಾಚಾರ ನಡೆಯಿತು. ರಾಗವು ದ್ವೇಷವಾಗಿ ತಿರುಗಲು ಎಷ್ಟು ಕಡಮೆ ಕಾಲ ಸಾಕೆಂಬುದನ್ನು ನಾಡು ಆಗ ಕಂಡಿತು. ಆ ವರ್ಷ ವಿಧಾನಸಭೆಯ ಅಧ್ಯಕ್ಷಪೀಠದಲ್ಲಿದ್ದವರು ಕೃಷ್ಣ ಅವರೇ.

2002ರಲ್ಲಿ ನೈಋತ್ಯ ಮುಂಗಾರು ದೇಶಾದ್ಯಂತ ಸೋತಿತು. ವಾಡಿಕೆಗಿಂತ ಸುಮಾರು ನೂರಕ್ಕೆ 19ರಷ್ಟು ಮಳೆ ಕಡಮೆಯಾಯಿತು. ಸೆಪ್ಟೆಂಬರ್ ಆರಂಭದಲ್ಲಿ ಸರ್ವೋಚ್ಚ ನ್ಯಾಯಾಲಯವು ದಿನಕ್ಕೆ 1.25 ಟಿಎಂಸಿ ನೀರು ಬಿಡುವಂತೆ ಆದೇಶಿಸಿತು. ಪ್ರಧಾನಿಯವರ ಅಧ್ಯಕ್ಷತೆಯ ಕಾವೇರಿ ನದಿ ಪ್ರಾಧಿಕಾರ ಅದನ್ನು 0.8 ಟಿಎಂಸಿಗೆ, ಅಂದರೆ ಸುಮಾರು 9,000 ಕ್ಯೂಸೆಕ್‌ಗೆ ಇಳಿಸಿತು. ಕೃಷ್ಣರಾಜಸಾಗರದ ಪೂರ್ಣ ಸಾಮರ್ಥ್ಯ ಸುಮಾರು 49 ಟಿಎಂಸಿ ಎಂಬುದನ್ನು ನೆನೆದರೆ ಈ ಅಂಕಿಗಳ ತೂಕ ತಿಳಿಯುತ್ತದೆ. ಮಂಡ್ಯದ ರೈತರು ಬೀದಿಗಿಳಿದರು. ಮಳವಳ್ಳಿ ತಾಲ್ಲೂಕಿನ ಕಿರುಗಾವಲು ಕ್ಷೇತ್ರವನ್ನು ದೀರ್ಘಕಾಲ ಪ್ರತಿನಿಧಿಸಿ, ಲೋಕಸಭೆಯಲ್ಲಿಯೂ ಇದ್ದ ಜಿ. ಮಾದೇಗೌಡರು ಕಾವೇರಿ ಹಿತರಕ್ಷಣಾ ಸಮಿತಿಯ ಮುಂದಾಳುಗಳಾಗಿದ್ದರು. ಸೆಪ್ಟೆಂಬರ್‌ನಲ್ಲಿ ರೈತನೊಬ್ಬನು ಕಬಿನಿ ಜಲಾಶಯಕ್ಕೆ ಹಾರಿ ಪ್ರಾಣ ಬಿಟ್ಟನು. ಸರ್ಕಾರ ನೀರು ಬಿಡುವುದನ್ನು ನಿಲ್ಲಿಸಿತು. ಅಕ್ಟೋಬರ್‌ನಲ್ಲಿ ನ್ಯಾಯಾಲಯ ಪ್ರಾಧಿಕಾರದ ನಿರ್ಣಯವನ್ನು ಪಾಲಿಸುವಂತೆ ಮತ್ತೆ ನಿರ್ದೇಶಿಸಿದರೂ ನೀರು ಹರಿಯಲಿಲ್ಲ. ಮುಖ್ಯಮಂತ್ರಿಗಳು ರೈತರಿಗೆ ಧೈರ್ಯ ಹೇಳಿ ಶಾಂತಿ ಕಾಪಾಡುವ ಉದ್ದೇಶವನ್ನು ಸಾರಿ ಬೆಂಗಳೂರಿನಿಂದ ಮಂಡ್ಯದ ಕಡೆಗೆ ಪಾದಯಾತ್ರೆ ಕೈಗೊಂಡರು. ನ್ಯಾಯಾಂಗ ನಿಂದನೆಯ ಪ್ರಶ್ನೆ ಎದುರಾಯಿತು. ಕೊನೆಗೆ ನೀರು ಬಿಡಲಾಯಿತು. ಮುಖ್ಯಮಂತ್ರಿಗಳು ನ್ಯಾಯಾಲಯದಲ್ಲಿ ಬೇಷರತ್ ಕ್ಷಮೆ ಯಾಚಿಸಿದರು.

ಈ ಪ್ರಸಂಗದ ಬಗೆಗೆ ನಾಡಿನಲ್ಲಿ ಎರಡು ಮಾತುಗಳು ಪ್ರಚಲಿತವಾಗಿವೆ. ಕ್ಷಮೆ ಕೇಳಿದುದು ಮಂಡ್ಯದ ಮಾನಕ್ಕೆ ಕುಂದೆಂದು ಕೆಲವರು, ನೀರು ತಡೆದುದೇ ಅಪರಾಧವೆಂದು ಕೆಲವರು ಹೇಳುತ್ತಾರೆ. ಅದೇ ಮದ್ದೂರು ತಾಲ್ಲೂಕಿನ ಇನ್ನೊಂದು ಘಟನೆಯನ್ನು ಪಕ್ಕದಲ್ಲಿಟ್ಟು ನೋಡಿದರೆ ವಿಷಯ ತಿಳಿಯಾಗುತ್ತದೆ. 1938ರ ಏಪ್ರಿಲ್‌ನಲ್ಲಿ ಶಿವಪುರದಲ್ಲಿ ಮೈಸೂರು ಕಾಂಗ್ರೆಸ್ಸಿನ ಅಧಿವೇಶನ ಸೇರಿತು. ರಾಷ್ಟ್ರಧ್ವಜ ಹಾರಿಸಬಾರದೆಂಬ ನಿಷೇಧಾಜ್ಞೆ ಇತ್ತು. ಅಧ್ಯಕ್ಷರಾದ ಟಿ. ಸಿದ್ದಲಿಂಗಯ್ಯನವರು ಆಜ್ಞೆಯನ್ನು ಬಹಿರಂಗವಾಗಿ ಮೀರಿ ಬಂಧನಕ್ಕೊಳಗಾದರು. ಅವರು ಆಜ್ಞೆ ಮೀರಿದರು, ದಂಡನೆಯನ್ನೂ ಸ್ವೀಕರಿಸಿದರು; ಆ ಆಜ್ಞೆಯನ್ನು ಕಾಪಾಡುವೆನೆಂದು ಅವರು ಯಾರಿಗೂ ಮಾತು ಕೊಟ್ಟಿರಲಿಲ್ಲ. ಆದುದರಿಂದ ಅವರ ನಡೆಯಲ್ಲಿ ವ್ರತಭಂಗವಿಲ್ಲ.

ಮುಖ್ಯಮಂತ್ರಿಯ ಸ್ಥಿತಿ ಬೇರೆ. ಕಾನೂನನ್ನು ಕಾಪಾಡುವೆನೆಂದು ಮಾತು ಕೊಟ್ಟೇ ಅವನು ಪೀಠವೇರುತ್ತಾನೆ. ಆದೇಶ ಅನ್ಯಾಯವೆಂದು ಅವನ ಅಂತಃಕರಣ ಹೇಳಿದರೆ ಅವನಿಗೆ ಎರಡೇ ದಾರಿಗಳು. ನ್ಯಾಯಾಲಯದಲ್ಲಿ ವಾದಿಸಿ ತೀರ್ಪನ್ನು ಪಾಲಿಸುವುದು ಒಂದು. ಪೀಠವನ್ನು ಬಿಟ್ಟು ಸಾಮಾನ್ಯ ಪ್ರಜೆಯಾಗಿ ಸತ್ಯಾಗ್ರಹ ಮಾಡುವುದು ಇನ್ನೊಂದು. ಪೀಠದಲ್ಲಿ ಕುಳಿತೇ ಆಜ್ಞೆಯನ್ನು ಮೀರುವುದು ಮೂರನೆಯ ದಾರಿಯೆಂದು ತೋರಿದರೂ ಅದು ದಾರಿಯಲ್ಲ. ಮಾದೇಗೌಡರಿಗೆ ಯಾವುದು ಸಹಜ ಧರ್ಮವಾಗಿತ್ತೋ ಅದು ಕೃಷ್ಣ ಅವರಿಗೆ ಆ ದಿನಗಳಲ್ಲಿ ಧರ್ಮವಾಗಿರಲಿಲ್ಲ. ಇಬ್ಬರದೂ ಒಂದೇ ನಾಲೆಯ ನೀರುಂಡ ನೆಲವೆಂಬುದು ಈ ವ್ಯತ್ಯಾಸವನ್ನು ಅಳಿಸದು.

ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಉಮಾಸ್ವಾಮಿ ಆಚಾರ್ಯರು ಅಚೌರ್ಯಾಣುವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದ್ದಾರೆ. ಅವುಗಳಲ್ಲಿ ವಿರುದ್ಧರಾಜ್ಯಾತಿಕ್ರಮವೂ ಒಂದು, ಹೀನಾಧಿಕಮಾನೋನ್ಮಾನವೂ ಒಂದು. ರಾಜ್ಯದ ಕಟ್ಟಳೆಯನ್ನು ಮೀರಿ ವ್ಯವಹರಿಸುವುದು ಮೊದಲನೆಯದು. ಅಳತೆ ತೂಕಗಳಲ್ಲಿ ಹೆಚ್ಚುಕಡಮೆ ಮಾಡುವುದು ಎರಡನೆಯದು. ವ್ಯಾಪಾರಿ ಶ್ರಾವಕನ ಅಂಗಡಿಯನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಇವುಗಳನ್ನು ಓದುತ್ತೇವೆ. ಆದರೆ ಕ್ಯೂಸೆಕ್ಕೂ ಅಳತೆಯೇ, ಅಣೆಕಟ್ಟಿನ ತೂಬೂ ತಕ್ಕಡಿಯೇ. ತಕ್ಕಡಿ ಹಿಡಿದವನು ತನ್ನ ಮಕ್ಕಳಿಗೆ ತೂಗುವಾಗಲೂ ಕೈ ನಡುಗಿಸಬಾರದು.

ಇಷ್ಟು ಹೇಳಿ ಮಂಡ್ಯದ ರೈತನನ್ನು ತಪ್ಪಿತಸ್ಥನೆಂದು ನಿಲ್ಲಿಸುವುದು ಅನೇಕಾಂತಕ್ಕೆ ಒಪ್ಪದು. ಕಟ್ಟೆಯಲ್ಲಿಯೇ ನೀರಿಲ್ಲದಾಗ ಬಿಡುವುದೆಲ್ಲಿಂದ ಎಂಬ ಅವನ ಪ್ರಶ್ನೆ ಒಂದು ನಯದಿಂದ ಸತ್ಯ. ಕುರುವೈ ಬೆಳೆ ಒಣಗಿದ ತಂಜಾವೂರಿನ ರೈತನ ಅಳಲೂ ಇನ್ನೊಂದು ನಯದಿಂದ ಸತ್ಯ. ಮೊದಲೇ ನೀರಾವರಿ ಬೆಳೆದ ನಾಡಿನ ಹಳೆಯ ಬಳಕೆಯೂ, ತಡವಾಗಿ ಕಣ್ತೆರೆದ ನಾಡಿನ ಹೊಸ ಅಗತ್ಯವೂ ತಕ್ಕಡಿಯ ಎರಡು ತಟ್ಟೆಗಳಲ್ಲಿವೆ. ಎರಡೂ ನಯಗಳನ್ನು ಒಟ್ಟಿಗೆ ಕೇಳುವ ಸ್ಥಾನ ನ್ಯಾಯಪೀಠ. ಅದರ ತೀರ್ಪು ದೋಷಮುಕ್ತವೆಂದಲ್ಲ; ಆದರೆ ಅದನ್ನು ತೊರೆದರೆ ಉಳಿಯುವುದು ಮೇಲಿನ ನೆಲದಲ್ಲಿರುವವನ ಬಲವೊಂದೇ.

ಇನ್ನು ಕ್ಷಮಾಯಾಚನೆಯ ವಿಚಾರ. ತನ್ನ ವ್ರತದಿಂದ ಜಾರಿದವನು ಮರಳಿ ವ್ರತಕ್ಕೆ ಬರುವುದನ್ನು ನಾವು ಪ್ರತಿಕ್ರಮಣವೆನ್ನುತ್ತೇವೆ. ಶಿಕ್ಷೆಯ ಭಯದಿಂದ ಕೇಳಿದ ಕ್ಷಮೆ ಪ್ರತಿಕ್ರಮಣವಾಗುವುದೆ ಎಂಬ ಆಕ್ಷೇಪ ನ್ಯಾಯವಾದುದೇ. ನಿಶ್ಚಯನಯದಿಂದ ನೋಡಿದರೆ ಭಾವಶುದ್ಧಿಯಿಲ್ಲದ ಕ್ಷಮೆ ಬರಿಯ ಮಾತು. ಆ ಭಾವವನ್ನು ಬಲ್ಲವನು ಕ್ಷಮೆ ಕೇಳಿದವನೊಬ್ಬನೇ. ವ್ಯವಹಾರನಯದಿಂದ ನೋಡಿದರೆ, ತನ್ನ ಜಿಲ್ಲೆಯ ಜನರೆಲ್ಲ ನೋಡುತ್ತಿರುವಾಗ, ಮತ ಕಳೆದುಕೊಳ್ಳುವ ಸಂಭವವನ್ನು ತಿಳಿದೂ, ಮುಖ್ಯಮಂತ್ರಿಯೊಬ್ಬನು ಕಾನೂನಿಗೆ ತಲೆಬಾಗಿದುದು ಸಣ್ಣ ಸಂಗತಿಯಲ್ಲ. ವ್ರತದಿಂದ ಜಾರಿದುದು ದೋಷ. ಜಾರಿದೆನೆಂದು ಒಪ್ಪಿದುದು ಗುಣ. ಎರಡನ್ನೂ ಒಟ್ಟಿಗೆ ಬರೆಯುವುದು ಇತಿಹಾಸದ ಕೆಲಸ.

2004ರ ಚುನಾವಣೆಯಲ್ಲಿ ಕೃಷ್ಣ ಅವರು ಮದ್ದೂರನ್ನು ಬಿಟ್ಟು ಬೆಂಗಳೂರಿನ ಚಾಮರಾಜಪೇಟೆಯಿಂದ ಸ್ಪರ್ಧಿಸಿ ಗೆದ್ದರು. ಅವರ ಪಕ್ಷ ಬಹುಮತ ಕಳೆದುಕೊಂಡಿತು. ಆ ಬಳಿಕ ಮಹಾರಾಷ್ಟ್ರದ ರಾಜ್ಯಪಾಲರಾಗಿ, 2009ರಿಂದ 2012ರವರೆಗೆ ವಿದೇಶಾಂಗ ಸಚಿವರಾಗಿ ಕಾರ್ಯನಿರ್ವಹಿಸಿದರು. 2017ರಲ್ಲಿ ಭಾರತೀಯ ಜನತಾ ಪಕ್ಷವನ್ನು ಸೇರಿದರು. 2023ರಲ್ಲಿ ಪದ್ಮವಿಭೂಷಣ ಪ್ರಶಸ್ತಿ ಬಂದಿತು. 2024ರ ಡಿಸೆಂಬರ್ 10ರಂದು ನಿಧನರಾದರು. ಅಂತ್ಯಸಂಸ್ಕಾರ ಸೋಮನಹಳ್ಳಿಯಲ್ಲಿಯೇ ನಡೆಯಿತು. ಮಾದೇಗೌಡರು 2021ರಲ್ಲಿಯೇ ತೀರಿಕೊಂಡಿದ್ದರು. ಕಾವೇರಿಯ ಅಂತಿಮ ತೀರ್ಪು 2007ರಲ್ಲಿ ಬಂದಿತು. 2018ರ ಫೆಬ್ರವರಿ 16ರಂದು ಸರ್ವೋಚ್ಚ ನ್ಯಾಯಾಲಯ ಕರ್ನಾಟಕದ ಪಾಲನ್ನು 270ರಿಂದ 284.75 ಟಿಎಂಸಿಗೆ ಏರಿಸಿತು. ಅಂತರರಾಜ್ಯ ನದಿ ಯಾವ ಒಂದು ರಾಜ್ಯದ ಸ್ವತ್ತೂ ಅಲ್ಲವೆಂದು ಸ್ಪಷ್ಟಪಡಿಸಿತು. ಅಪರಿಗ್ರಹವನ್ನು ಅರಿತವರಿಗೆ ಈ ಮಾತು ಹೊಸದಲ್ಲ. 14.75 ಟಿಎಂಸಿಯ ಹೆಚ್ಚಳ ದೊರೆತುದು ತಡೆದ ತೂಬಿನಿಂದಲ್ಲ, ಸಾಕ್ಷ್ಯವನ್ನು ಮುಂದಿಟ್ಟು ಮಾಡಿದ ವಾದದಿಂದ ಎಂಬುದನ್ನೂ ಗಮನಿಸಬೇಕು.

ಕೃಷ್ಣ ಅವರು ಬಾಳಿನ ಸಂಜೆಯಲ್ಲಿ ‘ಸ್ಮೃತಿವಾಹಿನಿ’ ಎಂಬ ಹೆಸರಿನಲ್ಲಿ ಆತ್ಮಕಥೆಯನ್ನು ಕನ್ನಡಕ್ಕೆ ಕೊಟ್ಟರು. ಆಳಿದವನು ಬರೆಯುವುದು ಕನ್ನಡಕ್ಕೆ ಹೊಸ ಸಂಪ್ರದಾಯವಲ್ಲ. ಗಂಗರ ಮಂತ್ರಿಯೂ ದಂಡನಾಯಕನೂ ಆದ ಚಾವುಂಡರಾಯನು ಕ್ರಿ.ಶ. 978ರಲ್ಲಿಯೇ ತನ್ನ ಪುರಾಣವನ್ನು ರಚಿಸಿದನು. ಆದರೆ ಅವನು ಬರೆದುದು ಮಹಾಪುರುಷರ ಚರಿತೆಯನ್ನು. ಇಂದಿನ ಆಡಳಿತಗಾರನು ಬರೆಯುವುದು ತನ್ನದನ್ನೇ. ತನ್ನ ಕಥೆಯನ್ನು ತಾನೇ ಹೇಳುವವನದು ಒಂದು ನಯ. ನ್ಯಾಯಾಲಯದ ದಾಖಲೆ ಇನ್ನೊಂದು, ನಾಲೆಯ ಬದಿಯ ರೈತನ ನೆನಪು ಮತ್ತೊಂದು. ಮುಂದಿನ ಇತಿಹಾಸಕಾರನು ಮೂರನ್ನೂ ಕೂಡಿಸಿ ಓದಬೇಕು.

ನಮ್ಮಲ್ಲಿ ಮುಖ್ಯಮಂತ್ರಿಗಳಾಗುವವರು ವಿರಳ. ಆದರೆ ಬಸದಿಯ ಆಡಳಿತ ಸಮಿತಿ, ವಿದ್ಯಾರ್ಥಿನಿಲಯ, ಸಹಕಾರ ಸಂಘ, ಪಂಚಾಯತಿಗಳಲ್ಲಿ ಹೊಣೆ ಹೊತ್ತವರು ಅನೇಕರಿದ್ದಾರೆ. ವಿದ್ಯಾರ್ಥಿನಿಲಯದ ಒಂದೇ ಒಂದು ಸ್ಥಾನಕ್ಕೆ ತಮ್ಮ ಊರಿನ ಹುಡುಗನೂ ಅಪರಿಚಿತ ಊರಿನ ಹುಡುಗನೂ ಅರ್ಜಿ ಹಾಕಿದಾಗ ತಕ್ಕಡಿ ಅವರ ಕೈಯಲ್ಲಿಯೂ ಇರುತ್ತದೆ. ಆಗ ದ್ವೇಷವು ನಮ್ಮನ್ನು ಕೆಡಿಸುವುದಕ್ಕಿಂತ ಹೆಚ್ಚಾಗಿ ಪ್ರೀತಿಯೇ ಕೆಡಿಸುತ್ತದೆ. ಅದು ಸದ್ಗುಣದ ವೇಷದಲ್ಲಿ ಬರುವುದರಿಂದ ಗುರುತು ಸಿಗುವುದಿಲ್ಲ. ಹೊಣೆಯನ್ನು ಒಪ್ಪುವ ಮುನ್ನ, ನನ್ನವರ ವಿರುದ್ಧ ತೂಗಬೇಕಾದ ದಿನ ಬಂದರೆ ತೂಗಬಲ್ಲೆನೆ ಎಂದು ಪ್ರತಿಯೊಬ್ಬ ಶ್ರಾವಕನೂ ತನ್ನನ್ನು ಕೇಳಿಕೊಳ್ಳಬೇಕು. ತೂಗಲಾರೆನೆನಿಸಿದರೆ ಹೊಣೆಯನ್ನು ವಿನಯದಿಂದ ನಿರಾಕರಿಸುವುದು ಶ್ರೇಯಸ್ಕರ. ಒಪ್ಪಿ ಜಾರಿದರೆ, ತಡಮಾಡದೆ ಹಿಂದಿರುಗುವುದು ಶ್ರೇಯಸ್ಕರ.