ಹೆಳವನ ಪುಸ್ತಕ, ಕುಲಕರ್ಣಿಯ ದಫ್ತರು

ಸುಗ್ಗಿ ಮುಗಿದ ಮೇಲೆ ಎತ್ತಿನ ಮೇಲೆ ಕುಳಿತು ಗಂಟೆ ಬಾರಿಸುತ್ತ ಬರುವ ಹೆಳವರನ್ನು ಉತ್ತರ ಕರ್ನಾಟಕದ ಒಕ್ಕಲು ಮನೆತನಗಳ ಹಿರಿಯರು ಬಲ್ಲರು. ಅಂಗಳದಲ್ಲಿ ನಿಂತು ಅವರು ಆ ಮನೆಯ ಮೂಲಪುರುಷನಿಂದ ಆರಂಭಿಸಿ, ಯಾರ ಮಗ ಯಾರು, ಬೆಡಗು ಯಾವುದು, ಯಾವ ಊರು ಬಿಟ್ಟು ಯಾವ ಊರಿಗೆ ಬಂದರು ಎಂಬುದನ್ನೆಲ್ಲ ತಡವರಿಸದೆ ಹೇಳುತ್ತಾರೆ. ಹಿಂದಿನ ಸಲ ಬಂದುಹೋದ ಮೇಲೆ ಹುಟ್ಟಿದ ಮಕ್ಕಳ ಹೆಸರು ಕೇಳಿ ಸೇರಿಸಿಕೊಳ್ಳುತ್ತಾರೆ. ಕಾಳು, ಬಟ್ಟೆ, ಅನುಕೂಲವಿದ್ದವರು ಕೊಡುವ ದನಕರು ಅವರ ಸಂಭಾವನೆ.

ಕೃತಕ ಬುದ್ಧಿಮತ್ತೆಯ ಸಹಾಯಕಗಳನ್ನು ಬಳಸುವವರು ಇಂದು ಎದುರಿಸುವ ಒಂದು ತೊಡಕಿಗೂ ಈ ಹೆಳವರಿಗೂ ಸಂಬಂಧವಿದೆ ಎಂದರೆ ಆಶ್ಚರ್ಯವಾದೀತು. ತಿಂಗಳುಗಟ್ಟಲೆ ಒಂದು ಸಹಾಯಕದೊಡನೆ ಮಾತಾಡಿದವರ ಹೊಲದ ಮಣ್ಣು, ತಾಯಿಯ ಔಷಧಿ, ಮಗನ ಓದು ಎಲ್ಲವೂ ಅದರ ನೆನಪಿನಲ್ಲಿ ಸೇರಿರಬಹುದು. ಬೇರೆ ಕಂಪನಿಯ ಸಹಾಯಕಕ್ಕೆ ಹೋದರೆ ಮತ್ತೆ ಮೊದಲಿನಿಂದ ಹೇಳಬೇಕಾಗಬಹುದು. ಒಬ್ಬರ ವಿವರಗಳನ್ನು ಇಟ್ಟುಕೊಂಡವರು ಬದಲಾದಾಗ ಆ ವಿವರಗಳ ಗತಿಯೇನು? ಈ ಪ್ರಶ್ನೆ ಹೊಸದಲ್ಲ. ಕಕ್ಕೇರಾ ಇರುವ ಸುರಪುರ ಸೀಮೆ ಇದನ್ನು ಹಲವು ಬಾರಿ ಎದುರಿಸಿದೆ.

ದೊರೆಗಳು ಬದಲಾದರು

ಕೃಷ್ಣೆ ಮತ್ತು ಭೀಮೆಯ ನಡುವಿನ ಈ ನಾಡು ನಾಯಕ ಅರಸರದು. 1705ರಲ್ಲಿ ಔರಂಗಜೇಬನೇ ಬಂದು ಇವರ ವಾಗಿಣಗೇರಾ ಕೋಟೆಯನ್ನು ಮುತ್ತಿದ್ದ. ಸುಮಾರು 140 ವರ್ಷಗಳ ಬಳಿಕ, ರಾಜಾ ವೆಂಕಟಪ್ಪ ನಾಯಕ ಇನ್ನೂ ಬಾಲಕನಾಗಿದ್ದಾಗ, ಬ್ರಿಟಿಷ್ ಅಧಿಕಾರಿ ಮೆಡೋಸ್ ಟೇಲರ್ ಸುರಪುರದಲ್ಲಿದ್ದು ಆಡಳಿತ ನೋಡಿಕೊಂಡ. 1858ರಲ್ಲಿ ವೆಂಕಟಪ್ಪ ನಾಯಕ ಬ್ರಿಟಿಷರ ವಿರುದ್ಧ ಎದ್ದು ಸೋತ. ಅದೇ ವರ್ಷ ಸೆರೆಯಲ್ಲಿದ್ದಾಗ ತೀರಿಕೊಂಡ. ಸಂಸ್ಥಾನ ಬ್ರಿಟಿಷರ ವಶವಾಗಿ, 1860ರಲ್ಲಿ ಹೈದರಾಬಾದ್ ನಿಜಾಮನ ಕೈಸೇರಿತು. 1948ರಲ್ಲಿ ನಿಜಾಮನ ಆಳ್ವಿಕೆ ಕೊನೆಗೊಂಡಿತು. 1956ರ ನವೆಂಬರ್ 1ರಂದು ಗುಲಬರ್ಗಾ ಜಿಲ್ಲೆಯೊಡನೆ ಸುರಪುರವೂ ಮೈಸೂರು ರಾಜ್ಯಕ್ಕೆ ಬಂತು. ಈಗ ಈ ಸೀಮೆ ಯಾದಗಿರಿ ಜಿಲ್ಲೆಯಲ್ಲಿದೆ.

ಇಷ್ಟೆಲ್ಲ ನಡೆದಾಗಲೂ ಹೊಲ ಇದ್ದಲ್ಲಿಯೇ ಇತ್ತು, ಉಳುವವನೂ ಅಲ್ಲಿಯೇ ಇದ್ದ. ಆದರೆ ಹೊಲ ಅವನದೆಂದು ಹೇಳುವ ಕಾಗದ ಮಾತ್ರ ಪ್ರತಿ ಸಲ ಹೊಸ ಸರಕಾರಕ್ಕೆ ಅರ್ಥವಾಗಬೇಕಾಗಿತ್ತು.

ಹಳ್ಳಿಯ ಲೆಕ್ಕಪತ್ರ ವಂಶಪಾರಂಪರ್ಯದ ಕುಲಕರ್ಣಿಯ ಕೈಯಲ್ಲಿತ್ತು. ದಫ್ತರು ಅವನ ಮನೆಯಲ್ಲಿಯೇ ಇರುತ್ತಿದ್ದುದು ಸಾಮಾನ್ಯ. ಮರಾಠಿಯ ಮೋಡಿ ಲಿಪಿಯ ಬಳಕೆ ವ್ಯಾಪಕವಾಗಿತ್ತು. ಅದು ಓದುಬರಹ ಬಲ್ಲವರಿಗೂ ಸುಲಭಕ್ಕೆ ಬಗೆಹರಿಯುವ ಬರಹವಲ್ಲ. ಹೈದರಾಬಾದಿನ ಮೇಲಿನ ಕಚೇರಿಗಳಲ್ಲಿ ಮೊದಲು ಫಾರಸಿ, 1880ರ ದಶಕದಿಂದ ಉರ್ದು. ಕಾಲಗಣನೆಯೂ ಬೇರೆ: ಫಸಲಿ 1357 ಎಂದರೆ ಕ್ರಿ.ಶ. 1947-48. ಹೀಗಾಗಿ 1956ರ ನಂತರ ಹಳೆಯ ದಾಖಲೆ ತೋರಿಸಬೇಕಾದ ರೈತನಿಗೆ ಭಾಷೆ, ಲಿಪಿ, ವರ್ಷ ಮೂರನ್ನೂ ಬಿಡಿಸಿ ಹೇಳುವವರು ಬೇಕಾಯಿತು. ಕನ್ನಡ ಮಾತ್ರ ಬಲ್ಲವನು ತನ್ನದೇ ಹೊಲದ ವಿವರ ಓದಲು ಇನ್ನೊಬ್ಬರ ಮನೆ ಬಾಗಿಲು ಕಾಯಬೇಕಿತ್ತು.

ಇದರಲ್ಲಿ ಅಧಿಕಾರದ ಮಾತಿದೆ. ಓದಬಲ್ಲವನೊಬ್ಬನೇ ಆದಾಗ ಅವನು ಹೇಳಿದ್ದೇ ಸತ್ಯವಾಗುತ್ತದೆ. ವಂಶಪಾರಂಪರ್ಯದ ಗ್ರಾಮಾಧಿಕಾರವನ್ನು 1961ರ ಕಾಯ್ದೆ ರದ್ದುಪಡಿಸಿದ್ದರ ಹಿಂದೆ ಈ ಅನುಭವವೂ ಇದೆ. ಹತ್ತಿರದ ನಾರಾಯಣಪುರದಲ್ಲಿ ಕೃಷ್ಣೆಗೆ ಅಡ್ಡಲಾಗಿ ಬಸವಸಾಗರ ಅಣೆಕಟ್ಟು 1982ರಲ್ಲಿ ಪೂರ್ಣಗೊಂಡು ಒಣಭೂಮಿಗೆ ಕಾಲುವೆ ನೀರು ಬಂದಾಗ, ಯಾವ ಹೊಲ ಯಾರ ಹೆಸರಿನಲ್ಲಿದೆ ಎಂಬ ಪ್ರಶ್ನೆಯ ಬೆಲೆ ಮತ್ತಷ್ಟು ಏರಿತು.

ಎರಡು ಬಗೆಯ ನೆನಪು

ಹೆಳವನ ನೆನಪು ಮನುಷ್ಯನನ್ನು ಹಿಂಬಾಲಿಸುವಂಥದು. ಬರ ಬಂದು ಮನೆತನವೊಂದು ನದಿ ದಾಟಿ ಹೋದರೆ ಹೆಳವನು ಹುಡುಕಿಕೊಂಡು ಅಲ್ಲಿಗೇ ಹೋಗುತ್ತಾನೆ. ವಲಸೆಯೂ ಅವನ ಪಾಠದಲ್ಲಿ ಒಂದು ಸಾಲಾಗುತ್ತದೆ. ಅದಕ್ಕೆ ದೊರೆಯ ಮುದ್ರೆ ಬೇಕಿಲ್ಲ. ಕುಲಕರ್ಣಿಯ ದಫ್ತರು ಊರಿಗೂ ಅಧಿಕಾರಕ್ಕೂ ಕಟ್ಟುಬಿದ್ದದ್ದು. ಊರು ಬಿಟ್ಟವನ ಹಿಂದೆ ಅದು ಹೋಗದು.

ಹಾಗೆಂದು ಹೆಳವನ ಪುಸ್ತಕ ನಿರ್ದೋಷಿಯಲ್ಲ. ಅದು ಪ್ರಧಾನವಾಗಿ ತಂದೆಯ ಕಡೆಯ ವಂಶಾವಳಿ. ಮದುವೆಯಾಗಿ ಹೋದ ಮಗಳ ಸಾಲು ಅಲ್ಲಿಗೆ ನಿಲ್ಲುತ್ತದೆ. ಅಲ್ಲದೆ ಅದು ಹೆಳವನ ಜೀವನೋಪಾಯ. ಆಯಾ ಮನೆತನಗಳು ಆಯಾ ಹೆಳವರ ಹಕ್ಕು. ನೆನಪು ಮನೆಯವರದಾದರೂ ಪುಸ್ತಕ ಅವನದೇ.

ಕರ್ನಾಟಕ ಸರಕಾರ ‘ಭೂಮಿ’ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿದ್ದು ಈ ಶತಮಾನದ ಆರಂಭದಲ್ಲಿ. ರೈತ ಶುಲ್ಕ ಕೊಟ್ಟು ತನ್ನ ಪಹಣಿಯನ್ನು ಕನ್ನಡದಲ್ಲಿಯೇ ಪಡೆಯುವಂತಾಯಿತು. ಆದರೆ ಹಳೆಯ ಕೈಬರಹದ ಪಹಣಿಯಲ್ಲಿದ್ದ ತಪ್ಪು ಹೆಸರು, ತಪ್ಪು ಅಳತೆ ಕೂಡ ಗಣಕಕ್ಕೆ ಏರಿದವು. ವರ್ಗಾವಣೆಯಿಂದ ದಾಖಲೆ ಉಳಿಯುತ್ತದೆ, ಆದರೆ ತಾನಾಗಿ ಸರಿಯಾಗುವುದಿಲ್ಲ. ತಿದ್ದುವ ಹಕ್ಕು ಬೇರೆಯೇ ಬೇಕು.

ಗಣಕದ ಸಹಾಯಕಗಳಿಗೂ ಇದೇ ಮಾತು ಅನ್ವಯಿಸುತ್ತದೆ. 2011ರಿಂದ ದೇಶದಲ್ಲೆಲ್ಲ ಮೊಬೈಲ್ ಸಂಖ್ಯೆಯನ್ನು ಉಳಿಸಿಕೊಂಡೇ ಕಂಪನಿ ಬದಲಿಸಬಹುದು. ಯುರೋಪಿನಲ್ಲಿ 2018ರಿಂದ ಜಾರಿಯಲ್ಲಿರುವ ಕಾನೂನು, ವ್ಯಕ್ತಿ ತಾನು ಕೊಟ್ಟ ಮಾಹಿತಿಯನ್ನು ಯಂತ್ರ ಓದಬಲ್ಲ ರೂಪದಲ್ಲಿ ಪಡೆದು ಬೇರೆಡೆ ಒಯ್ಯುವ ಹಕ್ಕು ಕೊಟ್ಟಿದೆ. ಭಾರತದ 2019ರ ಮಸೂದೆಯಲ್ಲಿ ಇಂಥ ಹಕ್ಕಿತ್ತು. 2023ರ ಕಾಯ್ದೆಯಲ್ಲಿ ಅದು ಉಳಿಯಲಿಲ್ಲ. ಕೆಲವು ಕಂಪನಿಗಳು ನೆನಪನ್ನು ಹೊರತೆಗೆಯಲು ತಾವಾಗಿಯೇ ಅವಕಾಶ ಕೊಟ್ಟಿವೆ. ಆದರೆ ಕಂಪನಿ ಕೊಟ್ಟ ಅವಕಾಶ ಬೇರೆ, ಕಾನೂನು ಕೊಟ್ಟ ಹಕ್ಕು ಬೇರೆ. ಮೊದಲನೆಯದನ್ನು ಕೊಟ್ಟವರೇ ಹಿಂದಕ್ಕೆ ಪಡೆಯಬಹುದು.

ಅಲ್ಲಿಯವರೆಗೆ ಬಳಸುವವರು ಮಾಡಬಹುದಾದ ಕೆಲಸ ಸರಳವಾದದ್ದು. ತಮಗೆ ಮುಖ್ಯವಾದ ವಿವರಗಳನ್ನು ಸಾದಾ ಕನ್ನಡದಲ್ಲಿ ಬರೆದು ತಮ್ಮಲ್ಲಿಯೇ ಇಟ್ಟುಕೊಳ್ಳುವುದು, ಆಗಾಗ ತಿದ್ದುವುದು, ಯಾವ ಸಹಾಯಕಕ್ಕೆ ಎಷ್ಟು ತೋರಿಸಬೇಕೆಂದು ತಾವೇ ನಿರ್ಧರಿಸುವುದು. ಯಾರಿಗೂ ಹೇಳಬೇಕಿಲ್ಲದ್ದನ್ನು ಬರೆಯದೆ ಬಿಡುವುದೂ ಇದರಲ್ಲಿ ಸೇರಿದೆ. ಇದು ಹೊಸ ಜಾಣತನವೇನಲ್ಲ. ಮೋಡಿ, ಉರ್ದು, ಕನ್ನಡ ಮೂರು ಕಾಲಗಳನ್ನು ಕಂಡ ಈ ಭಾಗದ ರೈತರು ಕಚೇರಿಯಲ್ಲಿ ದಾಖಲೆ ಇದೆಯೆಂದು ನೆಚ್ಚಿ ಕೂರದೆ, ನಕಲು ಪ್ರತಿಯನ್ನು ಬಟ್ಟೆಯಲ್ಲಿ ಸುತ್ತಿ ಮನೆಯ ಪೆಟ್ಟಿಗೆಯಲ್ಲಿ ಇಟ್ಟುಕೊಂಡು ಬಂದದ್ದು ಇದೇ ಕಾರಣಕ್ಕೆ.