ತೊಗರಿಯ ಅಕ್ಷರ ಓದಿದ ಕಂಪ್ಯೂಟರ್: ಜೀವದ ಜೋಡಣೆ ಲೆಕ್ಕಕ್ಕೆ ಸಿಕ್ಕ ಬಗೆ

ಗದ್ವಾಲ ಸೀಮೆಯ ಹತ್ತಿ ಬೀಜ, ನಾರಾಯಣಪೇಟೆ-ಮಕ್ತಲ್ ಕಡೆಯ ತೊಗರಿ. ಧರೂರಿನ ಸುತ್ತಮುತ್ತ ಈ ಎರಡು ಬೆಳೆ ಗೊತ್ತಿಲ್ಲದ ಮನೆಯಿಲ್ಲ. ಒಂದೇ ಮಣ್ಣು, ಒಂದೇ ಮಳೆ. ಆದರೂ ಒಂದು ತಳಿಯ ತೊಗರಿ ಹೂ ಬಿಡುವ ಹೊತ್ತಿಗೆ ನಿಂತಲ್ಲೇ ಒಣಗುತ್ತದೆ, ಪಕ್ಕದ ಹೊಲದ ಇನ್ನೊಂದು ತಳಿ ಹಸಿರಾಗಿ ನಿಂತು ಕಾಯಿ ಕಟ್ಟುತ್ತದೆ. ಯಾಕೆ ಹೀಗೆ?

ಉತ್ತರದ ದೊಡ್ಡ ಪಾಲು ಗಿಡದ ಒಳಗಿನ ಜೋಡಣೆಯಲ್ಲಿದೆ. ಕಣ್ಣಿಗೆ ಕಾಣದ ಆ ಜೋಡಣೆಯನ್ನು ಕಂಪ್ಯೂಟರ್ ಲೆಕ್ಕದಿಂದ ಓದುವ ವಿದ್ಯೆಯೇ ಗಣಕ ಜೀವವಿಜ್ಞಾನ. ಬಯೋಇನ್‌ಫರ್ಮ್ಯಾಟಿಕ್ಸ್ ಎಂಬ ಹೆಸರು ಕೇಳಿದ್ದರೆ, ಅದು ಇದರ ಒಡಹುಟ್ಟು. ಇದು ದೂರದ ದೇಶದ ಮಾತಲ್ಲ. ತೊಗರಿಯ ಅಕ್ಷರ ಓದುವ ಕೆಲಸದ ಮುಂದಾಳತ್ವ ವಹಿಸಿದ್ದು ಹೈದರಾಬಾದಿನ ಪಕ್ಕದ ಪಟಾನ್‌ಚೆರುವಿನಲ್ಲಿ 1972ರಿಂದ ಇರುವ ಇಕ್ರಿಸ್ಯಾಟ್ ಸಂಸ್ಥೆ.

ನಾಲ್ಕು ಅಕ್ಷರ, ಮೂರಕ್ಷರದ ಪದ

ಗಿಡ, ಹುಳ, ಮನುಷ್ಯ - ಯಾವ ಜೀವವಾದರೂ ಅದರ ಜೀವಕೋಶದೊಳಗೆ ಡಿಎನ್‌ಎ ಎಂಬ ನೂಲಿದೆ. ಆ ನೂಲಿನ ಮೇಲೆ ನಾಲ್ಕೇ ರಾಸಾಯನಿಕ ಅಕ್ಷರಗಳು: ಎ, ಟಿ, ಜಿ, ಸಿ. ಈ ನಾಲ್ಕು ಅಕ್ಷರ ಯಾವ ಕ್ರಮದಲ್ಲಿ ಕೂತಿವೆ ಎಂಬುದರಲ್ಲೇ ತೊಗರಿ ತೊಗರಿಯಾಗುವ, ಹತ್ತಿ ಹತ್ತಿಯಾಗುವ ಗುಟ್ಟಿದೆ.

ಮೂರು ಅಕ್ಷರ ಸೇರಿದರೆ ಒಂದು ಪದ. ಹೀಗೆ ಒಟ್ಟು 64 ಪದಗಳಾಗುತ್ತವೆ. ಇವುಗಳಲ್ಲಿ 61 ಪದಗಳು 20 ಅಮೈನೋ ಆಮ್ಲಗಳ ಹೆಸರು ಹೇಳುತ್ತವೆ, ಉಳಿದ 3 ಪದಗಳು "ಇಲ್ಲಿಗೆ ಮುಗಿಯಿತು" ಎನ್ನುತ್ತವೆ. 20 ವಸ್ತುಗಳಿಗೆ 61 ಹೆಸರು ಹೇಗೆ? ನಮ್ಮ ಊರುಗಳವರಿಗೆ ಇದನ್ನು ವಿವರಿಸಬೇಕಿಲ್ಲ. ಕನ್ನಡದಲ್ಲಿ ತೊಗರಿ ಅಂದರೂ ತೆಲುಗಿನಲ್ಲಿ ಕಂದಿ ಅಂದರೂ ಬೇಳೆ ಒಂದೇ ಅಲ್ಲವೇ? ಹಾಗೆಯೇ ಒಂದೇ ಅಮೈನೋ ಆಮ್ಲಕ್ಕೆ ಎರಡು, ನಾಲ್ಕು, ಕೆಲವಕ್ಕೆ ಆರು ಹೆಸರುಗಳಿವೆ.

ಆದ್ದರಿಂದ ಒಂದು ಅಕ್ಷರ ಬದಲಾದರೆ ಎಷ್ಟೋ ಸಲ ಅರ್ಥ ಬದಲಾಗುವುದಿಲ್ಲ. ಕೆಲವು ಸಲ ಮಾತ್ರ ಅದೇ ಒಂದು ಅಕ್ಷರ ಗಿಡದ ಹಣೆಬರಹ ಬದಲಿಸುತ್ತದೆ. ಯಾವ ಬದಲಾವಣೆ ಲೆಕ್ಕಕ್ಕಿಲ್ಲ, ಯಾವುದು ಲೆಕ್ಕಕ್ಕಿದೆ? ಕೋಟಿಗಟ್ಟಲೆ ಅಕ್ಷರಗಳ ನಡುವೆ ಇದನ್ನು ಹುಡುಕಲು ಮನುಷ್ಯನ ಆಯುಷ್ಯ ಸಾಲದು. ಕಂಪ್ಯೂಟರ್ ಬೇಕಾಗುವುದು ಇಲ್ಲಿಯೇ.

ಹರಿದ ಪಂಚಾಂಗ ಜೋಡಿಸಿದಂತೆ

ಡಿಎನ್‌ಎ ನೂಲನ್ನು ಮೊದಲಿನಿಂದ ಕೊನೆಯ ತನಕ ಒಂದೇ ಉಸಿರಿನಲ್ಲಿ ಓದುವ ಯಂತ್ರ ತೊಗರಿಯ ಕೆಲಸ ನಡೆದಾಗ ಇರಲಿಲ್ಲ. ಆಗಿನ ಯಂತ್ರಗಳು ನೂರು ಅಕ್ಷರಗಳ ಆಸುಪಾಸಿನ ಚೂರುಗಳನ್ನು ಓದುತ್ತಿದ್ದವು.

ಒಂದೇ ವರ್ಷದ ಪಂಚಾಂಗದ ನೂರಾರು ಪ್ರತಿಗಳನ್ನು ತಂದು, ಎಲ್ಲವನ್ನೂ ಸಣ್ಣ ಚೂರು ಮಾಡಿ, ಒಂದೇ ಮೂಟೆಯಲ್ಲಿ ಕಲೆಸಿದರೆಂದು ಇಟ್ಟುಕೊಳ್ಳಿ. ಪ್ರತಿಯೊಂದು ಪ್ರತಿಯೂ ಬೇರೆ ಬೇರೆ ಜಾಗದಲ್ಲಿ ಹರಿದಿರುತ್ತದೆ. ಒಂದು ಚೂರಿನ ಕೊನೆಯ ಸಾಲು ಇನ್ನೊಂದು ಚೂರಿನ ಮೊದಲ ಸಾಲಿಗೆ ಹೊಂದಿದರೆ ಎರಡನ್ನೂ ಅಂಟಿಸಬಹುದು. ಹೀಗೆ ಅಂಟಿಸುತ್ತಾ ಹೋದರೆ ಪೂರ್ತಿ ಪಂಚಾಂಗ ಮತ್ತೆ ಸಿಗಬೇಕು. ಕಂಪ್ಯೂಟರ್ ಮಾಡುವುದು ಇದನ್ನೇ.

ತೊಡಕು ಒಂದಿದೆ. ರಾಹುಕಾಲ ಎಂಬ ಪದ ಪಂಚಾಂಗದ ಎಲ್ಲ ಪುಟಗಳಲ್ಲೂ ಬರುತ್ತದೆ. ಬರೀ ಆ ಪದವಿರುವ ಚೂರು ಸಿಕ್ಕರೆ ಅದು ಯಾವ ತಿಂಗಳಿನದು ಎಂದು ಹೇಳುವುದು ಹೇಗೆ? ತೊಗರಿಯ ಡಿಎನ್‌ಎಯಲ್ಲಿ ಅರ್ಧಕ್ಕಿಂತ ಸ್ವಲ್ಪ ಹೆಚ್ಚು ಭಾಗ ಇಂಥ ಮರುಕಳಿಸುವ ಅಕ್ಷರಗಳೇ. ಅದಕ್ಕೇ ಮೊದಲ ಪ್ರಯತ್ನದಲ್ಲಿ ಪೂರ್ತಿ ಜೋಡಣೆ ಆಗಲಿಲ್ಲ.

ತೊಗರಿಯಲ್ಲಿ ಸಿಕ್ಕಿದ್ದೇನು?

ಇಕ್ರಿಸ್ಯಾಟ್ ನೇತೃತ್ವದ ಅಂತರರಾಷ್ಟ್ರೀಯ ತಂಡ 2011ರ ನವೆಂಬರಿನಲ್ಲಿ ತೊಗರಿಯ ಅಕ್ಷರಮಾಲೆಯ ಕರಡನ್ನು ಪ್ರಕಟಿಸಿತು. ತಂಡದ ಮುಂದಾಳು ವಿಜ್ಞಾನಿ ರಾಜೀವ್ ವರ್ಷ್ನೇಯ. ಓದಲು ಆರಿಸಿಕೊಂಡ ತಳಿ ನಮ್ಮ ರೈತರು ಬಲ್ಲ "ಆಶಾ", ಅಂದರೆ ಐಸಿಪಿಎಲ್ 87119. ಅದೇ ವರ್ಷ ಭಾರತೀಯ ಕೃಷಿ ಅನುಸಂಧಾನ ಪರಿಷತ್ತಿನ ವಿಜ್ಞಾನಿಗಳ ತಂಡವೂ ಇದೇ ಆಶಾ ತಳಿಯ ಕರಡನ್ನು ಬೇರೆಯಾಗಿ ಪ್ರಕಟಿಸಿತ್ತು.

ಇಕ್ರಿಸ್ಯಾಟ್ ತಂಡದ ಲೆಕ್ಕ ಹೀಗಿದೆ:

- ತೊಗರಿಯ ಒಟ್ಟು ಅಕ್ಷರಗಳು: ಸುಮಾರು 83 ಕೋಟಿ
- ಜೋಡಿಸಲು ಆಗಿದ್ದು: ಸುಮಾರು 60 ಕೋಟಿ, ಅಂದರೆ ಶೇ. 72.7
- ಇದಕ್ಕಾಗಿ ಯಂತ್ರ ಓದಿದ ಅಕ್ಷರಗಳು: 23 ಸಾವಿರ ಕೋಟಿಗೂ ಹೆಚ್ಚು
- ಕಂಪ್ಯೂಟರ್ ಗುರುತಿಸಿದ ವಂಶವಾಹಿಗಳು: 48,680
- ವರ್ಣತಂತುಗಳು: 11 ಜೋಡಿ

2017ರಲ್ಲಿ ಇನ್ನೊಂದು ಹೆಜ್ಜೆ. 292 ತೊಗರಿ ಮಾದರಿಗಳ ಅಕ್ಷರಗಳನ್ನು ಹೋಲಿಸಿ ನೋಡಿದಾಗ, ತೊಗರಿಯ ತವರು ಮಧ್ಯಪ್ರದೇಶದ ಸೀಮೆ ಎಂಬ ಸುಳಿವು ಸಿಕ್ಕಿತು. ಗಡಿಯ ಆಚೆ ಕಲಬುರಗಿ ತೊಗರಿಗೆ 2019ರಲ್ಲಿ, ಈಚೆ ತಾಂಡೂರು ಕಂದಿಗೆ 2022ರಲ್ಲಿ ಭೌಗೋಳಿಕ ಗುರುತು ಸಿಕ್ಕಿದೆ. ಎರಡರ ಹಳೆಯ ನೆಂಟಸ್ತಿಕೆಯೂ ಈ ಅಕ್ಷರಗಳಲ್ಲೇ ಅಡಗಿದೆ.

ಸೊರಗು ರೋಗದ ಬೆನ್ನು ಹತ್ತಿ

ತೊಗರಿಗೆ ಎರಡು ದೊಡ್ಡ ಶತ್ರುಗಳು. ಒಂದು ಸೊರಗು ರೋಗ, ತೆಲುಗಿನಲ್ಲಿ ಎಂಡು ತೆಗುಲು. ಇದು ಮಣ್ಣಿನಲ್ಲೇ ವರ್ಷಗಟ್ಟಲೆ ಉಳಿಯುವ ಶಿಲೀಂಧ್ರದಿಂದ ಬರುತ್ತದೆ. ಇನ್ನೊಂದು ಗೊಡ್ಡು ರೋಗ, ತೆಲುಗಿನಲ್ಲಿ ವೆರ್ರಿ ತೆಗುಲು. ಇದು ಕಣ್ಣಿಗೆ ಕಾಣದಷ್ಟು ಸಣ್ಣ ನುಸಿ ಹರಡುವ ವೈರಸ್ಸಿನ ಕಾಟ. ಗಿಡ ಪೊದೆಯಂತೆ ಬೆಳೆಯುತ್ತದೆ, ಹೂ-ಕಾಯಿ ಇಲ್ಲ.

1980ರ ದಶಕದಲ್ಲಿ ಕರ್ನಾಟಕದಲ್ಲಿ ಬಂದ "ಮಾರುತಿ" ತಳಿ ಸೊರಗು ರೋಗ ತಡೆಯಿತು, ಗೊಡ್ಡು ರೋಗಕ್ಕೆ ಮಾತ್ರ ಸೋತಿತು. 1993ರಲ್ಲಿ ಬಿಡುಗಡೆಯಾದ ಆಶಾ ಎರಡನ್ನೂ ತಡೆಯುವ ತಳಿ ಎಂದು ಹೆಸರು ಮಾಡಿತು. ಈ ತಳಿಗಳು ಬಂದಾಗ ತೊಗರಿಯ ಅಕ್ಷರಮಾಲೆ ಯಾರ ಕೈಯಲ್ಲೂ ಇರಲಿಲ್ಲ. ರೋಗವಿದ್ದ ಮಣ್ಣಿನಲ್ಲಿ ಬಿತ್ತಿ, ಬದುಕಿದ್ದನ್ನು ಆರಿಸಿ, ಮತ್ತೆ ಬಿತ್ತಿ ತಳಿ ಮಾಡುವ ಹಾದಿ ಅದು. ವರ್ಷಗಳು ಹಿಡಿಯುತ್ತಿದ್ದವು.

ಅಕ್ಷರಮಾಲೆ ಕೈಗೆ ಬಂದ ಮೇಲೆ ಹಾದಿ ಹತ್ತಿರವಾಯಿತು. ರೋಗ ತಾಳುವ ಗಿಡಗಳ ಡಿಎನ್‌ಎ ಒಂದು ಗುಂಪು, ಸಾಯುವ ಗಿಡಗಳದ್ದು ಇನ್ನೊಂದು ಗುಂಪು. ಎರಡನ್ನೂ ಓದಿ, ಅಕ್ಷರಕ್ಕೆ ಅಕ್ಷರ ಹೋಲಿಸುವುದು ಕಂಪ್ಯೂಟರಿನ ಕೆಲಸ. ಇಕ್ರಿಸ್ಯಾಟ್ ವಿಜ್ಞಾನಿಗಳು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕ್ರಮದಿಂದ, ಈ ಎರಡು ರೋಗಗಳಿಗೆ ಸಂಬಂಧಪಟ್ಟಿರಬಹುದಾದ ಕೆಲವೇ ವಂಶವಾಹಿಗಳನ್ನು ಗುರುತಿಸಿದರು. ಸುಮಾರು 49 ಸಾವಿರದಲ್ಲಿ ಬೆರಳೆಣಿಕೆಯಷ್ಟು! ಹೊಲ ಪೂರ್ತಿ ಅಗೆಯುವ ಬದಲು ಎಲ್ಲಿ ಅಗೆಯಬೇಕೆಂದು ಗೊತ್ತಾದಂತೆ.

ಸಾಲಿನಿಂದ ಆಕಾರಕ್ಕೆ

ಅಕ್ಷರಗಳ ಕ್ರಮ ಗೊತ್ತಾದರೆ ಅರ್ಧ ಕೆಲಸ ಮಾತ್ರ. ವಂಶವಾಹಿಯ ಮಾತಿನಂತೆ ಅಮೈನೋ ಆಮ್ಲಗಳು ಸರಪಳಿಯಾಗಿ ಪೋಣಿಸಿಕೊಳ್ಳುತ್ತವೆ. ಆ ಸರಪಳಿ ತನ್ನಷ್ಟಕ್ಕೆ ಮಡಚಿ ಒಂದು ಆಕಾರ ತಾಳುತ್ತದೆ. ಅದೇ ಪ್ರೋಟೀನು. ಅದರ ಕೆಲಸ ಏನೆಂದು ತೀರ್ಮಾನವಾಗುವುದು ಆಕಾರದಿಂದ.

ಈ ಆಕಾರದ ಲೆಕ್ಕಕ್ಕೆ ಬುನಾದಿ ಹಾಕಿದವರಲ್ಲಿ ಜಿ.ಎನ್. ರಾಮಚಂದ್ರನ್ (1922-2001) ದೊಡ್ಡ ಹೆಸರು. ಮದ್ರಾಸ್ ವಿಶ್ವವಿದ್ಯಾಲಯದಲ್ಲಿದ್ದಾಗ 1963ರಲ್ಲಿ ಅವರು ರಾಮಕೃಷ್ಣನ್ ಮತ್ತು ಶಶಿಶೇಖರನ್ ಜೊತೆ ಒಂದು ನಕ್ಷೆ ಪ್ರಕಟಿಸಿದರು. ಪ್ರೋಟೀನು ಸರಪಳಿಯ ಪ್ರತಿ ಕೊಂಡಿ ಎರಡು ಕಡೆ, ಬಾಗಿಲಿನ ತಿರುಗಣಿಯಂತೆ, ತಿರುಗಬಲ್ಲದು. ಎಷ್ಟು ತಿರುಗಿದರೆ ಪರಮಾಣುಗಳು ಒಂದಕ್ಕೊಂದು ಡಿಕ್ಕಿಯಾಗುವುದಿಲ್ಲ? ಅದನ್ನು ಲೆಕ್ಕ ಹಾಕಿ ತೋರಿಸಿದ ನಕ್ಷೆ ಅದು. ಮುಂದೆ ರಾಮಚಂದ್ರನ್ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಣು ಜೀವಭೌತ ವಿಭಾಗ ಕಟ್ಟಿದರು. ಇಂದಿಗೂ ಹೊಸ ಪ್ರೋಟೀನಿನ ಆಕಾರ ಕಂಡುಹಿಡಿದವರು ಅದು ಸರಿಯಿದೆಯೇ ಎಂದು ನೋಡುವುದು ರಾಮಚಂದ್ರನ್ ನಕ್ಷೆಯಲ್ಲಿ.

1971ರಲ್ಲಿ ಪ್ರೋಟೀನುಗಳ ಆಕಾರ ಕೂಡಿಡುವ ಜಾಗತಿಕ ಭಂಡಾರ ಶುರುವಾದಾಗ ಅದರಲ್ಲಿದ್ದದ್ದು 7 ಆಕಾರಗಳು. ಪ್ರಯೋಗಾಲಯದಲ್ಲಿ ಒಂದೊಂದಕ್ಕೂ ತಿಂಗಳು, ಕೆಲವೊಮ್ಮೆ ವರ್ಷಗಳು ಬೇಕು. 2020ರಲ್ಲಿ ಆಲ್ಫಾಫೋಲ್ಡ್ ಎಂಬ ಕಂಪ್ಯೂಟರ್ ವ್ಯವಸ್ಥೆ ಬರೀ ಸರಪಳಿಯ ಕ್ರಮ ನೋಡಿ ಆಕಾರ ಊಹಿಸುವುದರಲ್ಲಿ ಎಲ್ಲರನ್ನೂ ಹಿಂದೆ ಹಾಕಿತು. 2022ರ ವೇಳೆಗೆ 20 ಕೋಟಿಗೂ ಹೆಚ್ಚು ಪ್ರೋಟೀನುಗಳ ಊಹೆಯ ಆಕಾರಗಳು ಎಲ್ಲರಿಗೂ ಉಚಿತವಾಗಿ ಸಿಕ್ಕವು. ಇದಕ್ಕಾಗಿ ಡೆಮಿಸ್ ಹಸ್ಸಾಬಿಸ್ ಮತ್ತು ಜಾನ್ ಜಂಪರ್, ಹೊಸ ಪ್ರೋಟೀನು ರೂಪಿಸಿದ್ದಕ್ಕಾಗಿ ಡೇವಿಡ್ ಬೇಕರ್ 2024ರ ರಸಾಯನಶಾಸ್ತ್ರದ ನೊಬೆಲ್ ಹಂಚಿಕೊಂಡರು.

ಹುಳ ಕೀಲಿ ಬದಲಿಸಿದ ಕಥೆ

ಆಕಾರ ಎಷ್ಟು ಮುಖ್ಯ ಎಂಬುದಕ್ಕೆ ನಮ್ಮ ಹತ್ತಿಯೇ ಸಾಕ್ಷಿ. 2002ರಲ್ಲಿ ಭಾರತದಲ್ಲಿ ಬಿಟಿ ಹತ್ತಿಗೆ ಒಪ್ಪಿಗೆ ಸಿಕ್ಕಿತು. ಮಣ್ಣಿನ ಒಂದು ಬ್ಯಾಕ್ಟೀರಿಯಾದಿಂದ ತಂದ ವಂಶವಾಹಿ ಈ ಹತ್ತಿ ಗಿಡದಲ್ಲಿ ವಿಷದ ಪ್ರೋಟೀನು ತಯಾರಿಸುತ್ತದೆ. ಕಾಯಿಕೊರಕ ಹುಳ ಅದನ್ನು ತಿಂದರೆ ಪ್ರೋಟೀನು ಹುಳದ ಕರುಳಿನಲ್ಲಿರುವ ಒಂದು ಪ್ರೋಟೀನಿಗೆ, ಕೀಲಿಗೆ ಕೀಲಿಕೈ ಕೂತಂತೆ, ಕೂರುತ್ತದೆ. ಆಮೇಲೆ ಕರುಳಿಗೆ ತೂತು ಬಿದ್ದು ಹುಳ ಸಾಯುತ್ತದೆ. ನಮ್ಮ ದೇಹದಲ್ಲಿ ಆ ಕೀಲಿ ಇಲ್ಲ.

ಗುಲಾಬಿ ಕಾಯಿಕೊರಕ, ತೆಲುಗಿನ ಗುಲಾಬಿ ರಂಗು ಪುರುಗು, ಕೆಲವೇ ವರ್ಷಗಳಲ್ಲಿ ಮೊದಲ ಬಿಟಿ ಪ್ರೋಟೀನಿಗೆ ಜಗ್ಗದಂತಾಯಿತು. ಗುಜರಾತಿನಲ್ಲಿ ಇದು ಮೊದಲು ಕಂಡಿತು. 2006ರಲ್ಲಿ ಬಂದ ಎರಡು ಪ್ರೋಟೀನಿನ ಹತ್ತಿಗೂ ಮುಂದೆ ಅದೇ ಗತಿಯಾಯಿತು. ಭಾರತದ ಹುಳಗಳ ವಂಶವಾಹಿ ಓದಿ 2014ರಲ್ಲಿ ಪ್ರಕಟಿಸಿದ ಅಧ್ಯಯನ ಮೊದಲ ಪ್ರೋಟೀನು ಸೋತ ಕಾರಣ ಹೇಳಿತು: ಕರುಳಿನ ಆ ಕೀಲಿಯ ಪ್ರೋಟೀನೇ ನಾನಾ ರೀತಿಯಲ್ಲಿ ಕೆಟ್ಟಿತ್ತು. ಕೀಲಿ ಬದಲಾದ ಮೇಲೆ ಹಳೆಯ ಕೀಲಿಕೈ ಎಲ್ಲಿ ಕೂರಬೇಕು?

ಬಿಟಿ ಅಲ್ಲದ ಬೀಜವನ್ನು ಜೊತೆಗೆ ಕೊಡುವುದು ಇದೇ ಕಾರಣಕ್ಕೆ. ಆ ಗಿಡಗಳಲ್ಲಿ ಹಳೆಯ ಕೀಲಿಯ ಹುಳಗಳು ಬದುಕಿ, ಹೊಸ ಕೀಲಿಯ ಹುಳಗಳ ಜೊತೆ ಕೂಡಿದರೆ ಹೊಸ ಗುಣ ಬೇಗ ಹರಡುವುದಿಲ್ಲ. ಆ ಬೀಜ ಬದಿಗೆಸೆದರೆ ನಷ್ಟ ನಮ್ಮದೇ.

ಬೀಜ ಬೆಳೆಯುವವರಿಗೆ ಇದರಿಂದ ಏನು?

ಹತ್ತಿ ಬೀಜ ಬೆಳೆಯುವ ಗದ್ವಾಲ ಸೀಮೆಯ ರೈತರಿಗೆ ಜಿಒಟಿ ಎಂದರೆ ಎದೆಬಡಿತ. ಬೆಳೆದ ಬೀಜವನ್ನು ಬಿತ್ತಿ, ಗಿಡ ಬೆಳೆಸಿ, ಎಷ್ಟು ಗಿಡ ಬೆರಕೆ ಎಂದು ಎಣಿಸುವ ಪರೀಕ್ಷೆ ಅದು. ಫಲಿತಾಂಶ ಬರುವ ತನಕ ತಿಂಗಳುಗಟ್ಟಲೆ ಕಾಯಬೇಕು, ಸಾಮಾನ್ಯವಾಗಿ ಹಣವೂ ಕಾಯುತ್ತದೆ.

ಇದೇ ಶುದ್ಧತೆಯನ್ನು ಅಕ್ಷರದಲ್ಲೂ ನೋಡಬಹುದು. ತಾಯಿ ಸಾಲಿನಲ್ಲಿ ಒಂದು ತರಹ, ತಂದೆ ಸಾಲಿನಲ್ಲಿ ಇನ್ನೊಂದು ತರಹ ಇರುವ ಗುರುತನ್ನು ಕಂಪ್ಯೂಟರ್ ಹುಡುಕಿ ಕೊಡುತ್ತದೆ. ಮೊಳಕೆಯ ಎಲೆಚೂರಿನಲ್ಲಿ ಎರಡೂ ಗುರುತು ಕಂಡರೆ ಅದು ಸರಿಯಾದ ಸಂಕರ. ತಾಯಿಯದು ಮಾತ್ರ ಕಂಡರೆ ಕೈ ಪರಾಗ ತಗುಲಿಲ್ಲ, ಹೂ ತನ್ನಲ್ಲೇ ಕಾಯಿ ಕಟ್ಟಿದೆ ಎಂದರ್ಥ. ಇದಕ್ಕೆ ತಿಂಗಳುಗಳು ಬೇಡ, ದಿನಗಳು ಸಾಕು. ಬೀಜದ ಕರಾರಿಗೆ ಸಹಿ ಹಾಕುವ ಮೊದಲು ಶುದ್ಧತೆ ಯಾವ ಪರೀಕ್ಷೆಯಿಂದ ತೀರ್ಮಾನವಾಗುತ್ತದೆ, ಮಾದರಿ ತೆಗೆಯುವಾಗ ರೈತ ಎದುರಿಗೆ ಇರಬಹುದೇ ಎಂದು ಕೇಳುವುದು ಒಳ್ಳೆಯದು.

ಕಂಪ್ಯೂಟರ್ ಹೇಳಲಾರದ್ದು

ಕಂಪ್ಯೂಟರ್ ಕೊಡುವುದು ಊಹೆ. ಇಂಥ ವಂಶವಾಹಿ ಇರಬಹುದು, ಇಂಥ ಆಕಾರ ಇರಬಹುದು ಎನ್ನುತ್ತದೆ. ಸರಿಯೋ ತಪ್ಪೋ ಹೇಳಬೇಕಾದದ್ದು ಪ್ರಯೋಗಾಲಯ, ಕೊನೆಗೆ ಹೊಲ. ಮಳೆ ಕೈಕೊಟ್ಟರೆ, ಜೂರಾಲ ಕಾಲುವೆಗೆ ನೀರು ತಡವಾದರೆ ಒಳ್ಳೆಯ ಅಕ್ಷರವಿದ್ದರೂ ಇಳುವರಿ ಬಾರದು. ರೋಗಾಣುವೂ ಹುಳವೂ ತಮ್ಮ ಅಕ್ಷರ ಬದಲಿಸುತ್ತಲೇ ಇರುತ್ತವೆ. ಹಾಗಾಗಿ ಇಂದು ರೋಗ ತಾಳುವ ತಳಿ ಮುಂದೆಯೂ ತಾಳುತ್ತದೆ ಎಂಬ ಖಾತ್ರಿ ಇಲ್ಲ. ಯಾವ ತಳಿ ಯಾವ ರೋಗಕ್ಕೆ, ಯಾವ ಮಣ್ಣಿನಲ್ಲಿ ಪರೀಕ್ಷೆಯಾಗಿದೆ ಎಂದು ಕೇಳಿಯೇ ಬೀಜ ಕೊಳ್ಳಬೇಕು.

ಈ ವಿದ್ಯೆ ಕಲಿಯಬೇಕೆನ್ನುವ ಮಕ್ಕಳಿಗೆ ದಾರಿ ಇದೆ. ಇಂಟರ್ ಅಥವಾ ಪಿಯುಸಿಯಲ್ಲಿ ಜೀವಶಾಸ್ತ್ರ ಓದಿದವರು ಗಣಿತ ಬಿಡಬಾರದು, ಗಣಿತ ಓದಿದವರು ಜೀವಶಾಸ್ತ್ರಕ್ಕೆ ಹೆದರಬಾರದು. ತೊಗರಿಯ ಅಕ್ಷರಮಾಲೆ, ಪ್ರೋಟೀನು ಆಕಾರಗಳ ಭಂಡಾರ ಎರಡೂ ಎಲ್ಲರಿಗೂ ತೆರೆದಿವೆ. ನೋಡಲು ಒಂದು ಕಂಪ್ಯೂಟರ್, ಇಂಟರ್ನೆಟ್ ಸಾಕು. ಹೊಲ ಹೇಗಿದೆ ಎಂಬುದು ಮಾತ್ರ ಅಲ್ಲಿ ಸಿಗುವುದಿಲ್ಲ. ಅದು ನಮ್ಮ ಮಕ್ಕಳಿಗೆ ಮೊದಲೇ ಗೊತ್ತು.