ಕೆಮ್ಮಣ್ಣಿಗೆ ಅನ್ನವಿತ್ತವರು

ಕುಸ್ತಿಯ ಚರಿತ್ರೆಯೆಂದರೆ ಪಟ್ಟುಗಳ ಚರಿತ್ರೆ ಮಾತ್ರವಲ್ಲ. ಪೈಲ್ವಾನನಿಗೆ ಅನ್ನವಿತ್ತವರ ಚರಿತ್ರೆಯೂ ಹೌದೆಂದು ನಾನು ತಿಳಿದಿದ್ದೇನೆ. ಕೃಷ್ಣರಾಜಪೇಟೆ ಸೀಮೆಯ ಸಿಂಧಘಟ್ಟದಿಂದ ಶ್ರೀರಂಗಪಟ್ಟಣ ಬಹುದೂರವೇನಲ್ಲ. ಅಲ್ಲಿ ರಾಜ ಒಡೆಯರು 1610ರಲ್ಲಿ ನವರಾತ್ರಿಯ ಉತ್ಸವವನ್ನು ಆರಂಭಿಸಿದರು. 1638ರಲ್ಲಿ ಪಟ್ಟವೇರಿದ ಕಂಠೀರವ ನರಸರಾಜ ಒಡೆಯರು ಸ್ವತಃ ಮಲ್ಲರು. ತಿರುಚಿರಾಪಳ್ಳಿಯ ಜಟ್ಟಿಯೊಬ್ಬನನ್ನು ಗೆದ್ದರೆಂಬ ಐತಿಹ್ಯವಿದೆ. ದೊರೆಯೇ ಮಲ್ಲನಾದ ಮೇಲೆ ಮಲ್ಲವಿದ್ಯೆಗೆ ಮನ್ನಣೆ ಬಾರದಿದ್ದೀತೆ?

ಅರಮನೆಯ ಆಶ್ರಯ ಜಟ್ಟಿಗಳಿಗಿತ್ತು. ವಿಜಯದಶಮಿಯ ವಜ್ರಮುಷ್ಟಿ ಕಾಳಗ ಅದರ ಕುರುಹು. ಆದರೆ ಹಳ್ಳಿಯ ಹುಡುಗನ ದಾರಿ ಬೇರೆ. ಊರ ಗರಡಿಯ ಕೆಮ್ಮಣ್ಣಿನಲ್ಲಿ ಉಸ್ತಾದರ ಬಳಿ ಸಾಮು ಕಲಿತು, ಜಾತ್ರೆಯ ಅಖಾಡದಲ್ಲಿ ಗೆದ್ದು, ಕಡೆಗೆ ದಸರೆಗೆ ಮೈಸೂರು ಸೇರಬೇಕು. ಆ ದಾರಿಯ ಖರ್ಚನ್ನು ಹೊತ್ತದ್ದು ಮನೆಯ ಹಾಲು, ತುಪ್ಪ, ಊರವರ ಚಂದಾ.

1971ರಲ್ಲಿ ರಾಜಧನ ರದ್ದಾಯಿತು. ಇಂದು ದಸರಾ ಕುಸ್ತಿಯನ್ನು ಸರ್ಕಾರವೇ ನಡೆಸುತ್ತದೆ. ‘ದಸರಾ ಕಂಠೀರವ’, ‘ದಸರಾ ಕೇಸರಿ’ ಬಿರುದುಗಳು ದೊರೆಯುತ್ತವೆ. ಒಲಿಂಪಿಕ್ಸಿನ ಕುಸ್ತಿಯಾದರೋ ಮ್ಯಾಟಿನ ಮೇಲೆ ನಡೆಯುತ್ತದೆ; ಮಟ್ಟಿಯಲ್ಲಿ ಬೆಳೆದ ಹುಡುಗನಿಗೆ ಆ ನೆಲವನ್ನು ಹೊಸದಾಗಿ ಕಲಿಯಬೇಕಾಗುತ್ತದೆ.

ಬಿರುದು ವರ್ಷಕ್ಕೊಮ್ಮೆ ಬರುತ್ತದೆ, ಹಸಿವೆ ದಿನವೂ ಬರುತ್ತದೆ. ಗೆದ್ದವನಿಗೆ ಗದೆ ಕೊಡುವುದು ಸುಲಭ. ಇನ್ನೂ ಗೆಲ್ಲದವನಿಗೆ ಹಾಲು ಕೊಡುವುದೇ ನಿಜವಾದ ಪೋಷಣೆ.